ಇಂದಿನ ಧಮ್ಮ ಚಿಂತನೆ: ಎಲುಬಿಗೆ ಜಾತಿಯಿಲ್ಲ, ಆದರೆ ಭಾರವಿದೆ





ಈ ವಾರ ನಾವು ಓದುತ್ತಿರುವುದು ಮಹಾಸತಿಪಟ್ಠಾನ ಸುತ್ತದ ಕಾಯಾನುಪಸ್ಸನಾ ಭಾಗ. ಮೈಯನ್ನು ಮೈಯಾಗಿಯೇ ನೋಡುವ ಅಭ್ಯಾಸ ಅದು. ಅಲ್ಲಿ ಎರಡು ಕಡೆ ಎಲುಬಿನ ಮಾತು ಬರುತ್ತದೆ. ಒಂದು, ಕೂದಲು, ಉಗುರು, ಹಲ್ಲು, ಚರ್ಮ ಎಂದು ದೇಹದ ಭಾಗಗಳನ್ನು ಎಣಿಸುತ್ತ ಹೋಗುವಾಗ 'ಅಟ್ಠಿ' ಅಂದರೆ ಎಲುಬು, 'ಅಟ್ಠಿಮಿಂಜ' ಅಂದರೆ ಎಲುಬಿನೊಳಗಿನ ಮಜ್ಜೆ. ಇನ್ನೊಂದು, ಸ್ಮಶಾನದಲ್ಲಿ ಬಿದ್ದ ಹೆಣವನ್ನು ನೋಡುವಾಗ. ಮಾಂಸ ಕರಗಿ, ನರ ಕಳಚಿ, ಕೈ ಎಲುಬು ಒಂದು ಕಡೆ, ಕಾಲೆಲುಬು ಒಂದು ಕಡೆ ಚದುರಿ, ಬೆಳ್ಳಗಾಗಿ, ಕಡೆಗೆ ಪುಡಿಯಾಗುವುದನ್ನು ಕಂಡು ನನ್ನ ಮೈಯ ಗತಿಯೂ ಇದೇ ಎಂದು ತಿಳಿಯುವುದು.

ಈ ಭಾಗ ಓದಿದಾಗಲೆಲ್ಲ ನಮ್ಮವರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೆಲವರು ಬಾಯಿ ಬಿಟ್ಟು ಕೇಳುತ್ತಾರೆ, ಕೆಲವರು ಒಳಗೇ ಇಟ್ಟುಕೊಳ್ಳುತ್ತಾರೆ. "ಊರು ತಲೆತಲಾಂತರದಿಂದ ನಮ್ಮ ಮೈಯನ್ನೇ ಮೈಲಿಗೆ ಅಂತು. ನಮ್ಮ ನೆರಳು ಬೀಳಬಾರದು ಅಂತು. ಅದನ್ನೆಲ್ಲ ಬಿಟ್ಟು ಧಮ್ಮಕ್ಕೆ ಬಂದ್ವಿ. ಇಲ್ಲೂ ಮೈ ಅಶುಚಿ ಅಂತ ಧ್ಯಾನ ಮಾಡಬೇಕೇನು? ಇದು ನಮಗ್ಯಾಕೆ?"

ಇದು ಹಗುರ ಪ್ರಶ್ನೆ ಅಲ್ಲ. ಸುತ್ತದಲ್ಲಿ ಅಶುಚಿ ಎಂಬ ಮಾತೇ ಇದೆ. ಹಾಗಾಗಿ ಅಲ್ಲಿ ಹಾಗೆ ಹೇಳಿಲ್ಲ ಎಂದು ಜಾರಿಕೊಳ್ಳುವ ಹಾಗಿಲ್ಲ. ಎಲುಬನ್ನೇ ಹಿಡಿದುಕೊಂಡು ಇವತ್ತು ಇದನ್ನು ಯೋಚಿಸೋಣ.

*ಮೊದಲು ಎಲುಬು ಅಂದರೇನು ನೋಡೋಣ*

ಹುಟ್ಟಿದ ಕೂಸಿನ ಮೈಯಲ್ಲಿ ಸುಮಾರು 300 ಎಲುಬು, ಮೆತ್ತನೆಯ ಎಳೆ ಎಲುಬು ಇರುತ್ತವೆ. ಬೆಳೆಯುತ್ತ ಕೆಲವು ಕೂಡಿಕೊಂಡು ದೊಡ್ಡವರಲ್ಲಿ 206 ಆಗುತ್ತವೆ. ಸುಶ್ರುತ ಸಂಹಿತೆ 300 ಎನ್ನುತ್ತದೆ, ಚರಕ ಸಂಹಿತೆ 360 ಎನ್ನುತ್ತದೆ, 5ನೇ ಶತಮಾನದ ಬುದ್ಧಘೋಷರ ವಿಸುದ್ಧಿಮಗ್ಗವೂ ಸುಮಾರು 300 ಎಲುಬು, 180 ಸಂದು ಎನ್ನುತ್ತದೆ. ಇಂದಿನ ವಿಜ್ಞಾನ ಎಣಿಸಿ 206 ಎಂದರೆ ನಾವು 206ನ್ನೇ ಒಪ್ಪುತ್ತೇವೆ. ಹಳೆಯ ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ ಎಂದು ಕಾಲಾಮರಿಗೆ ಹೇಳಿದವರೇ ನಮ್ಮ ಗುರು.

ಈ 206ರಲ್ಲಿ ಒಂದು ಲೆಕ್ಕ ಗಮನಿಸಿ. ಒಂದು ಹಸ್ತದಲ್ಲಿ ಮಣಿಕಟ್ಟು ಸೇರಿ 27 ಎಲುಬು, ಎರಡು ಕೈಗೆ 54. ಒಂದು ಪಾದದಲ್ಲಿ 26, ಎರಡಕ್ಕೆ 52. ಕೂಡಿದರೆ 106. ಅಂದರೆ ಮೈಯ ಎಲುಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕೈ ಮತ್ತು ಪಾದಗಳಲ್ಲೇ. ದುಡಿಯುವುದಕ್ಕೆ, ನಿಲ್ಲುವುದಕ್ಕೆ, ನಡೆಯುವುದಕ್ಕೆ. ಪಾದದಿಂದ ಹುಟ್ಟಿದವನು ಶೂದ್ರ ಎಂದು ಪುರುಷಸೂಕ್ತ ಹೇಳಿತು. ಪಾದ ಎಂದರೆ ಕೀಳು ಎಂಬುದು ಅದರ ಮೇಲೆ ಕಟ್ಟಿದ ಲೆಕ್ಕ. ಆ ಸೂಕ್ತವನ್ನು ಬಾಬಾಸಾಹೇಬರು 1946ರ 'ಶೂದ್ರರು ಯಾರು' ಗ್ರಂಥದಲ್ಲಿ ಕೂಲಂಕಷವಾಗಿ ವಿಚಾರಣೆಗೆ ಒಳಪಡಿಸಿದರು. ಎಲುಬನ್ನು ಕೇಳಿದರೆ ಅದು ಬೇರೆಯೇ ಉತ್ತರ ಕೊಡುತ್ತದೆ. 52 ಎಲುಬು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಿದಾಗ ಮಾತ್ರ ತಲೆ ಎಂಬುದು ನೆಲದಿಂದ ಮೇಲೆ ಇರುತ್ತದೆ.

*ಸ್ಮಶಾನದಲ್ಲಿ ಇಬ್ಬರು*

ಈಗ ಪ್ರಶ್ನೆಗೆ ಬರೋಣ. ಎಲುಬು ಚದುರಿದ ಆ ಸ್ಮಶಾನಕ್ಕೆ ಹಿಂದಿನ ಭಾರತದಲ್ಲಿ ಎರಡು ಬಗೆಯ ಜನ ಹೋಗುತ್ತಿದ್ದರು.

ಒಬ್ಬರು, ಹೋಗಲೇಬೇಕೆಂದು ಕಟ್ಟು ಮಾಡಲ್ಪಟ್ಟವರು. ಚಂಡಾಲರು ಊರ ಹೊರಗೇ ಇರಬೇಕು, ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕು ಎಂದು ಮನುಸ್ಮೃತಿಯ 10ನೇ ಅಧ್ಯಾಯ ವಿಧಿಸುತ್ತದೆ. ಹೆಣ ಹೊರುವುದು, ಕುಣಿ ತೋಡುವುದು, ಸತ್ತ ದನ ಎಳೆಯುವುದು ಇವರ ಪಾಲಿಗೆ. ನಮ್ಮ ಅಜ್ಜ ಮುತ್ತಜ್ಜರ ಕಾಲ ಬಹಳ ದೂರ ಇಲ್ಲ.

ಇನ್ನೊಬ್ಬರು ಭಿಕ್ಖುಗಳು. ಅವರಲ್ಲಿ ರಾಜಮನೆತನದವರಿದ್ದರು, ಬ್ರಾಹ್ಮಣರಿದ್ದರು, ಸೆಟ್ಟಿ ಸಾಹುಕಾರರಿದ್ದರು. ಅವರು ತಾವೇ ಆರಿಸಿಕೊಂಡು ಸ್ಮಶಾನಕ್ಕೆ ಹೋಗಿ ಕುಳಿತರು. ಅಲ್ಲಿ ಬಿದ್ದ ಚಿಂದಿ ಬಟ್ಟೆ ಆಯ್ದು, ಒಗೆದು, ಹೊಲಿದು ಚೀವರ ಮಾಡಿಕೊಂಡರು. ಇದಕ್ಕೆ ಪಾಂಸುಕೂಲ ಎಂದು ಹೆಸರು. ಯಾವುದನ್ನು ಕೀಳಿನ ಗುರುತು ಎಂದು ಒಬ್ಬರ ಮೇಲೆ ಹೊದಿಸಿದ್ದರೋ, ಅದೇ ಬಟ್ಟೆ ಸಂಘದಲ್ಲಿ ಗೌರವದ ಉಡುಪಾಯಿತು. ಮುಟ್ಟಿದರೆ ಮೈಲಿಗೆ ಎಂದ ಜಾಗದಲ್ಲೇ ಜ್ಞಾನ ಹುಡುಕಿದರು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೋಪಾಕನ ಕತೆ ಸೇರಿಸಿದ್ದು ಸುಮ್ಮನೆ ಅಲ್ಲ. ಹೆರಿಗೆ ಬೇನೆಯಲ್ಲಿ ತಾಯಿ ಎಚ್ಚರ ತಪ್ಪಿದಾಗ ಸತ್ತಳೆಂದು ಸ್ಮಶಾನಕ್ಕೆ ಒಯ್ದರು. ಅಲ್ಲೇ ಹುಟ್ಟಿದ ಕೂಸನ್ನು ಸ್ಮಶಾನದ ಕಾವಲುಗಾರ ತನ್ನ ಮಗನ ಜೊತೆ ಸಾಕಿದ. ಎಲುಬಿನ ನಡುವೆ ಬೆಳೆದ ಆ ಹುಡುಗನನ್ನು ಭಗವಾನರು ಸಂಘಕ್ಕೆ ಸೇರಿಸಿಕೊಂಡರು. ಅವನು ಎಲ್ಲಿಂದ ಬಂದ ಎಂದು ಸಂಘ ಮೂಗು ಮುಚ್ಚಿಕೊಳ್ಳಲಿಲ್ಲ.

ಇಲ್ಲಿ ಉತ್ತರದ ಮೊದಲ ತುದಿ ಸಿಗುತ್ತದೆ. ಊರು ಅಶುಚಿ ಎಂದಾಗ ಬೆರಳು ತೋರಿಸಿದ್ದು ಒಬ್ಬರ ಮೈ ಕಡೆ ಮಾತ್ರ. ಭಗವಾನರು ಅಶುಚಿ ಎಂದಾಗ ರಾಜನ ಮೈ, ಪುರೋಹಿತನ ಮೈ, ಸುಂದರಿಯ ಮೈ, ಕೇಳುತ್ತ ಕುಳಿತ ಭಿಕ್ಖುವಿನ ಸ್ವಂತ ಮೈ ಎಲ್ಲವೂ ಅದರಲ್ಲಿ ಬಂದವು. ಎಲ್ಲರ ಚರ್ಮದ ಕೆಳಗೂ ಅದೇ ರಕ್ತ, ಅದೇ ಪಿತ್ತ, ಅದೇ ಎಲುಬು. ಎಲ್ಲರೂ ಅಷ್ಟೇ ಅಶುಚಿ ಆದಮೇಲೆ ಯಾರು ಯಾರನ್ನು ಮುಟ್ಟಿದರೆ ಮೈಲಿಗೆ? ಮೇಲೆಂದು ಬೀಗುವವನ ಸೊಕ್ಕು ಈ ಧ್ಯಾನದಲ್ಲಿ ಇಳಿಯುತ್ತದೆ. ಕೀಳೆಂದು ಕುಗ್ಗಿಸಲ್ಪಟ್ಟವನ ನಾಚಿಕೆಯೂ ಇದರಲ್ಲೇ ಉದುರುತ್ತದೆ.

*ಮೊದಲ ನೋಟ: ಎಲುಬಿಗೆ ಜಾತಿಯಿಲ್ಲ*

ಒಂದು ಅಸ್ಥಿಪಂಜರ ಸಿಕ್ಕರೆ ಬಲ್ಲ ವೈದ್ಯರು ಅದನ್ನು ನೋಡಿ ಸುಮಾರು ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂದು ಹೇಳಬಲ್ಲರು. ಹಳೆಯ ಮುರಿತ ಇದ್ದರೆ ಗುರುತಿಸಬಲ್ಲರು. ಇವನು ಬ್ರಾಹ್ಮಣ, ಇವನು ಹೊಲೆಯ ಎಂದು ಹೇಳುವ ಗುರುತು ಯಾವ ಎಲುಬಿನ ಮೇಲೂ ಇಲ್ಲ.

ಇದ್ದೇ ಇದೆ ಎಂದು ಸಾಧಿಸಲು ಹೊರಟವರೂ ಇದ್ದರು. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ, ಮುಂದೆ 1901ರ ಜನಗಣತಿಯ ಆಯುಕ್ತನಾದವನು, ಜನರ ತಲೆಯ ಉದ್ದಗಲ, ಮೂಗಿನ ಅಗಲ ಅಳೆಸಿದ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಸೂತ್ರ ಕಟ್ಟಿದ. ಅಸ್ಪೃಶ್ಯರು ಬೇರೆಯೇ ಜನಾಂಗ, ಅದಕ್ಕೇ ದೂರ ಇಟ್ಟರು ಎಂಬ ವಾದಕ್ಕೆ ಇಂಥ ಅಳತೆಗಳು ಆಸರೆಯಾದವು.

ಬಾಬಾಸಾಹೇಬರು ಏನು ಮಾಡಿದರು? ಕೋಪದಿಂದ ಪುಸ್ತಕ ಎಸೆಯಲಿಲ್ಲ. 1948ರ 'ಅಸ್ಪೃಶ್ಯರು ಯಾರು' ಗ್ರಂಥದಲ್ಲಿ, ಘುರ್ಯೆ ಅವರು ಕೊಟ್ಟಿದ್ದ ಮೂಗಿನ ಅಳತೆಯ ಅಂಕಿಗಳನ್ನೇ ಮುಂದಿಟ್ಟುಕೊಂಡು ಪ್ರಾಂತ ಪ್ರಾಂತವಾಗಿ ಹೋಲಿಸಿದರು. ಆ ಅಳತೆ ನಂಬುವುದಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದು ಅದೇ ಅಂಕಿಗಳಿಂದ ತೋರಿಸಿದರು. ಅಸ್ಪೃಶ್ಯತೆ ರಕ್ತದಿಂದ ಬಂದದ್ದಲ್ಲ, ಸಮಾಜ ಮಾಡಿದ್ದು ಎಂದರು. ಕಾಯಾನುಪಸ್ಸನೆ ಮಾಡುವ ಭಿಕ್ಖು ಎಲುಬು ನೋಡಿ ಕಂಡದ್ದನ್ನು ಬಾಬಾಸಾಹೇಬರು ಲೆಕ್ಕ ನೋಡಿ ಕಂಡರು.

*ಇಲ್ಲೇ ನಿಂತರೆ ಒಂದು ಅಪಾಯ*

ಮೊದಲ ನೋಟವನ್ನು ಕೆಲವರು ಬಹಳ ಪ್ರೀತಿಯಿಂದ ನಮಗೆ ಉಪದೇಶಿಸುತ್ತಾರೆ. "ಸತ್ತ ಮ್ಯಾಲ ಎಲ್ಲಾರೂ ಮಣ್ಣ. ಯಾವ ಜಾತಿ, ಯಾವ ಕುಲ? ಮತ್ಯಾಕ ಹೋರಾಟ, ಮತ್ಯಾಕ ಮೀಸಲಾತಿ?" ಕೇಳಲು ವೇದಾಂತದ ಹಾಗೆ ಕೇಳುತ್ತದೆ. ಆದರೆ ಸತ್ತ ಮೇಲಾದರೂ ಒಂದೇ ಮಣ್ಣು ಸಿಗುತ್ತದೆಯೇ? ಎಷ್ಟೋ ಊರುಗಳಲ್ಲಿ ಸ್ಮಶಾನವೂ ಎರಡು. ಅಲ್ಲದೆ ಸಾಯುವುದಕ್ಕೆ ಮುಂಚೆ ಐವತ್ತು ಅರವತ್ತು ವರ್ಷ ಬದುಕುವುದಿದೆ. ಆ ವರ್ಷಗಳಲ್ಲಿ ಎಲುಬಿಗೆ ಏನಾಗುತ್ತದೆ?

ಅದಕ್ಕೆ ಎರಡನೇ ನೋಟ ಬೇಕು.

*ಎರಡನೇ ನೋಟ: ಎಲುಬಿಗೆ ಭಾರವಿದೆ*

ಎಲುಬು ಕಲ್ಲಿನಂತೆ ಸತ್ತ ವಸ್ತು ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. ಅದರೊಳಗೆ ರಕ್ತ ಹರಿಯುತ್ತದೆ, ಮಜ್ಜೆಯಲ್ಲಿ ರಕ್ತಕಣ ಹುಟ್ಟುತ್ತವೆ. ಹಳೆ ಎಲುಬನ್ನು ಕರಗಿಸುವ ಕಣಗಳಿವೆ, ಹೊಸದನ್ನು ಕಟ್ಟುವ ಕಣಗಳಿವೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಹತ್ತು ಪಾಲು ಎಲುಬು ಹೀಗೆ ಹೊಸದಾಗುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿ ಎಂದುಕೊಂಡದ್ದೂ ಕ್ಷಣಕ್ಷಣ ಬದಲಾಗುತ್ತಿದೆ. ಅನಿಚ್ಚ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಯಾವುದಿದೆ?

ಹೇಗೆ ಬದಲಾಗುತ್ತದೆ ಎಂಬುದು ಮುಖ್ಯ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಒಂದು ನಿಯಮ ಹೇಳಿದ: ಎಲುಬಿನ ಮೇಲೆ ಯಾವ ಭಾರ ಬೀಳುತ್ತದೋ ಅದಕ್ಕೆ ತಕ್ಕಂತೆ ಎಲುಬು ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ. ಭಾರವೇ ಇಲ್ಲದಿದ್ದರೆ ಎಲುಬು ಸವೆಯುತ್ತದೆ. ಬಾಹ್ಯಾಕಾಶಕ್ಕೆ ಹೋದವರಿಗೆ ತಿಂಗಳಿಗೆ ನೂರಕ್ಕೆ ಒಂದರಷ್ಟು ಎಲುಬು ಕರಗುತ್ತದೆ. ಆದ್ದರಿಂದ ದುಡಿಮೆ ಎಲುಬಿನ ವೈರಿ ಅಲ್ಲ. ಆದರೆ ಅತಿಯಾದ ಭಾರ, ವಿಶ್ರಾಂತಿ ಇಲ್ಲದ ಭಾರ, ಹೊಟ್ಟೆಗಿಲ್ಲದ ಭಾರ ಬೇರೆ. ಕೀಲಿನ ತುದಿಯಲ್ಲಿರುವ ಮೆತ್ತನೆಯ ಮೃದ್ವಸ್ಥಿ ಒಮ್ಮೆ ಸವೆದರೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ.

ನಮ್ಮ ಸುತ್ತ ನೋಡಿ. ಕೃಷ್ಣಾ ಘಟಪ್ರಭೆಯ ನಡುವಿನ ನಮ್ಮ ಬೀಳಗಿ, ಮುಧೋಳ, ಜಮಖಂಡಿ ಸೀಮೆ ಕಬ್ಬಿನ ಸೀಮೆ. ಹಂಗಾಮು ಸುರುವಾದರೆ ನಸುಕಿನಿಂದಲೇ ಟೊಂಕ ಬಗ್ಗಿಸಿ ಕಬ್ಬು ಕಡಿಯುವುದು, ಹೊರೆ ಕಟ್ಟಿ ತಲೆ ಮೇಲೆ ಹೊತ್ತು ಹಲಗೆ ಏರಿ ಟ್ರ್ಯಾಕ್ಟರ್ ತುಂಬುವುದು. ರಬಕವಿ ಬನಹಟ್ಟಿಯಲ್ಲಿ ಕುಣಿಮಗ್ಗದಲ್ಲಿ ಕುಳಿತು ಕಾಲು ತುಳಿದವರ ಮಕ್ಕಳು ಈಗ ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಲ್ಲುತ್ತಾರೆ. ಕೂತು ಎದ್ದು ಮಾಡುವ, ಭಾರ ಎತ್ತುವ ಕೆಲಸ ವರ್ಷಗಟ್ಟಲೆ ಮಾಡಿದವರಲ್ಲಿ ಮೊಣಕಾಲು, ಟೊಂಕದ ಕೀಲು ಬೇಗ ಸವೆಯುತ್ತವೆ ಎಂಬುದು ವೈದ್ಯರಿಗೆ ಗೊತ್ತಿರುವ ಮಾತು. ಒಬ್ಬರಿಗೆ ಎಪ್ಪತ್ತರಲ್ಲಿ ಬರುವ ಮೊಣಕಾಲು ನೋವು ನಮ್ಮ ಅವ್ವಂದಿರಿಗೆ ನಲವತ್ತೈದರಲ್ಲೇ ಬಂದು ಕೂರುತ್ತದೆ.

ನೀರನ್ನೂ ನೋಡಿ. ನಮ್ಮ ಬಾಗಲಕೋಟೆ ಸೇರಿ ಗದಗ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕೂ ಬಹಳ ಹೆಚ್ಚಿದ್ದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿಗೆ ಸೇರುತ್ತದೆ. ಬೆನ್ನು ಸೆಟೆಯುತ್ತದೆ, ಕೀಲು ಬಿಗಿಯುತ್ತದೆ, ಬಗ್ಗಿದವರು ನೆಟ್ಟಗಾಗುವುದಿಲ್ಲ. ಬಂದ ಮೇಲೆ ಇದಕ್ಕೆ ಪೂರ್ತಿ ಮದ್ದಿಲ್ಲ, ಮೊದಲೇ ಒಳ್ಳೆಯ ನೀರು ಕೊಡುವುದೇ ಮದ್ದು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದರಲ್ಲ, ಅದು ಮನುಷ್ಯರ ಹಕ್ಕಿಗಾಗಿ. ಯಾರಿಗೆ ಯಾವ ನೀರು ಎಂಬ ಪ್ರಶ್ನೆ ಕಡೆಗೆ ಎಲುಬಿನ ತನಕ ಹೋಗುತ್ತದೆ.

ಹೀಗಾಗಿ ಎರಡೂ ಮಾತು ನಿಜ. ಜಾತಿ ಹುಟ್ಟಿನಿಂದ ಎಲುಬಿನಲ್ಲಿ ಇಲ್ಲ. ಆದರೆ ಜಾತಿ ಹೊರಿಸಿದ ಕೆಲಸ, ಕೊಡದ ಅನ್ನ, ತಡೆದ ನೀರು ಎಲುಬಿಗೆ ಇಳಿಯುತ್ತವೆ. ಮೊದಲನೆಯದನ್ನು ಮಾತ್ರ ನೋಡಿದವನು ಅನ್ಯಾಯ ಕಾಣದೆ ಕಣ್ಣು ಮುಚ್ಚಿ ಕೂರುತ್ತಾನೆ. ಎರಡನೆಯದನ್ನು ಮಾತ್ರ ನೋಡಿದವನ ಮನಸ್ಸು ದ್ವೇಷದಲ್ಲಿ ಸುಡುತ್ತದೆ. ಸಮತೆಯೂ ನ್ಯಾಯವೂ ಎರಡೂ ಒಟ್ಟಿಗೆ ಬೇಕಾದವರು ಎರಡನ್ನೂ ನೋಡಬೇಕು.

*ಹಣೆಬರಹ ಎಂಬ ಸುಳ್ಳು*

ಮೊಣಕಾಲು ಹಿಡಿದ ಅವ್ವ "ನನ್ನ ಹಣೆಬರಹ" ಎನ್ನುತ್ತಾಳೆ. ತಲೆಬುರುಡೆಯ ಮೇಲೆ ಕಾಣುವ ಅಂಕುಡೊಂಕು ಗೆರೆಗಳನ್ನೇ ಬ್ರಹ್ಮ ಬರೆದ ಬರಹ ಎಂದು ಜನ ನಂಬಿದ್ದರು. ಅವು ಏನು ಗೊತ್ತೇ? ತಲೆಬುರುಡೆಯ ಎಲುಬುಗಳು ಒಂದನ್ನೊಂದು ಕೂಡುವ ಸಂದುಗಳು. ಹೆರಿಗೆಯ ಹೊತ್ತಿಗೆ ಕೂಸಿನ ತಲೆ ಸ್ವಲ್ಪ ಒತ್ತಿಕೊಂಡು ಹೊರಬರಲಿ, ಆಮೇಲೆ ಮಿದುಳು ಬೆಳೆಯಲು ಜಾಗ ಇರಲಿ ಎಂದು ಅವು ತೆರೆದಿರುತ್ತವೆ, ಮುಂದೆ ಕೂಡಿಕೊಳ್ಳುತ್ತವೆ. ರಾಜನ ಬುರುಡೆಯಲ್ಲೂ ಅವೇ ಗೆರೆ, ಜೀತದಾಳಿನ ಬುರುಡೆಯಲ್ಲೂ ಅವೇ ಗೆರೆ.

ಭಗವಾನರ ಕಾಲದಲ್ಲೂ ಬುರುಡೆ ಓದುವವರಿದ್ದರು. ವಂಗೀಸ ಎಂಬ ಬ್ರಾಹ್ಮಣ ಸತ್ತವರ ತಲೆಬುರುಡೆ ತಟ್ಟಿ, ಇವರು ಮುಂದೆ ಎಲ್ಲಿ ಹುಟ್ಟಿದರು ಎಂದು ಹೇಳಿ ಹಣ ಗಳಿಸುತ್ತಿದ್ದನೆಂದು ಅಟ್ಠಕಥೆಗಳು ಹೇಳುತ್ತವೆ. ಭಗವಾನರು ಒಬ್ಬ ಅರಹಂತರ ಬುರುಡೆ ಕೊಟ್ಟರು. ಎಷ್ಟು ತಟ್ಟಿದರೂ ಅವನಿಗೆ ಏನೂ ಹೇಳಲಾಗಲಿಲ್ಲ. ಕಡೆಗೆ ಅವನೇ ಭಿಕ್ಖುವಾದ.

ಎಲ್ಲ ನೋವೂ ಹಿಂದಿನ ಕರ್ಮದ ಫಲವೇ ಎಂದು ಮೋಳಿಯ ಸೀವಕ ಎಂಬ ಪರಿವ್ರಾಜಕ ಕೇಳಿದಾಗ ಭಗವಾನರು ಹಾಗೆ ಹೇಳುವುದು ತಪ್ಪು ಎಂದರು. ಪಿತ್ತ, ಕಫ, ವಾತದಿಂದ ನೋವು ಬರುತ್ತದೆ, ಋತು ಬದಲಾವಣೆಯಿಂದ ಬರುತ್ತದೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ ಬರುತ್ತದೆ, ಪೆಟ್ಟಿನಿಂದ ಬರುತ್ತದೆ ಎಂದು ಕಾರಣಗಳನ್ನು ಎಣಿಸಿದರು. ಇದು ಸಂಯುತ್ತ ನಿಕಾಯದಲ್ಲಿದೆ. ಕಾರಣ ಇದ್ದರೆ ನೋವು, ಕಾರಣ ತೆಗೆದರೆ ನೋವಿಲ್ಲ. ಪಟಿಚ್ಚಸಮುಪ್ಪಾದವನ್ನು ಮೊಣಕಾಲಿಗೆ ಹಚ್ಚಿ ನೋಡಿದರೆ ಇಷ್ಟೇ.

ಕಾರಣ ತೆಗೆಯುವುದು ಹೇಗೆ ಎಂಬುದಕ್ಕೆ ಬಾಬಾಸಾಹೇಬರೇ ದಾರಿ ತೋರಿದ್ದಾರೆ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದರು. ವಾರಕ್ಕೆ 54 ಗಂಟೆ ಇದ್ದ ದುಡಿಮೆ 1946ರಲ್ಲಿ 48ಕ್ಕೆ ಇಳಿಯಿತು. ವಾರಕ್ಕೆ ಆರು ತಾಸು ಕಡಿಮೆ ಎಂದರೆ ಒಂದು ಬೆನ್ನಿಗೆ ಎಷ್ಟು ಬಿಡುವು ಎಂದು ಲೆಕ್ಕ ಹಾಕಿ. ಇದನ್ನು ನಾವು ರಾಜಕಾರಣ ಎಂದು ಒಂದು ಕಡೆ ಇಟ್ಟು ಧ್ಯಾನವನ್ನು ಇನ್ನೊಂದು ಕಡೆ ಇಡಬೇಕಿಲ್ಲ. ಪರರ ಮೈಯ ದುಃಖವನ್ನು ಕಂಡು ಅದರ ಕಾರಣ ತೆಗೆಯುವುದೂ ಕಾಯಾನುಪಸ್ಸನೆಯೇ.

ಮಕ್ಕಳ ಎಲುಬಿನ ಮಾತೂ ಇದರಲ್ಲೇ ಬರುತ್ತದೆ. ಎಲುಬು ಗಟ್ಟಿಯಾಗುವ ಕಾಲ ಬಾಲ್ಯ ಮತ್ತು ಹರೆಯ. ಆಗ ಕೂಡಿಟ್ಟದ್ದನ್ನೇ ಜೀವನಪೂರ್ತಿ ಖರ್ಚು ಮಾಡುತ್ತೇವೆ. 2021ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ವಿಜಯಪುರ ಸೇರಿ ಏಳು ಜಿಲ್ಲೆಗಳ ಶಾಲೆಯಲ್ಲಿ ಮೊಟ್ಟೆ ಕೊಡಲು ಸುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಡದ ಮಗುವಿಗೆ ಬಾಳೆಹಣ್ಣು ಇತ್ತು. ಹಾಗಿದ್ದರೂ ಬೇಕಾದ ಮಗುವಿನ ತಟ್ಟೆಯಿಂದ ತೆಗೆಯಿರಿ ಎಂದರೆ, ಅದು ಆ ಮಗುವಿನ ಎಲುಬಿಗೆ ಸಿಗಬೇಕಾದದ್ದನ್ನು ಕಿತ್ತುಕೊಂಡಂತೆ. ಹಸಿದ ಮಗುವಿನ ಮುಂದೆ ಶುಚಿ ಅಶುಚಿಯ ಹಳೆಯ ತಕ್ಕಡಿ ಮತ್ತೆ ಹೀಗೆ ಬರುತ್ತದೆ.

*ಕೀಲು ಕಲಿಸುವುದು*

ಎರಡು ಎಲುಬು ಕೂಡುವ ಕಡೆ ಕೀಲು ಇದೆ. ಮೊಣಕಾಲಿನಂಥ ಕೀಲಿನಲ್ಲಿ ಎಲುಬು ಎಲುಬಿಗೆ ನೇರ ತಾಗುವುದಿಲ್ಲ. ನಡುವೆ ನುಣುಪಾದ ಮೃದ್ವಸ್ಥಿ, ಜಾರುವ ದ್ರವ, ಹಿಡಿದಿಡುವ ಕಟ್ಟುಗಳು. ಇವು ಇರುವ ತನಕ ಒಂದರ ಭಾರ ಇನ್ನೊಂದು ಹೊತ್ತರೂ ನೋವಿಲ್ಲ. ಅವು ಸವೆದರೆ ಎಲುಬು ಎಲುಬನ್ನು ತಿಕ್ಕುತ್ತದೆ. ಸ್ವಾತಂತ್ರ್ಯ ಮತ್ತು ಸಮಾನತೆಯ ಜೊತೆ ಬಂಧುತ್ವ ಬೇಕೇ ಬೇಕು ಎಂದು ಬಾಬಾಸಾಹೇಬರು ಒತ್ತಿ ಹೇಳಿದ್ದು, ಅದನ್ನೇ ಭಗವಾನರು ಮೈತ್ರಿ ಎಂದದ್ದು ಈ ಕಾರಣಕ್ಕೆ. ನಮ್ಮ ಸಂಘಟನೆಗಳಲ್ಲೂ ಗಟ್ಟಿ ಎಲುಬುಗಳಿಗೆ ಬರವಿಲ್ಲ. ಎಲುಬಿಲ್ಲದ ನಾಲಿಗೆ ಒಂದು ಮಾತು ಜಾರಿದರೆ ಸಾಕು, ಇಬ್ಬರು ಒಳ್ಳೆಯ ಕಾರ್ಯಕರ್ತರು ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನಡುವಿನ ಮೈತ್ರಿ ಒಣಗದಂತೆ ನೋಡಿಕೊಳ್ಳುವುದೂ ಒಂದು ಸಾಧನೆ.

*ಹಾಗಾದರೆ ಅಸ್ಥಿಗೆ ಯಾಕೆ ನಮನ?*

ಎಲುಬು ಬರೀ ಎಲುಬಾದರೆ ಸ್ತೂಪಕ್ಕೆ ಯಾಕೆ ಕೈ ಮುಗಿಯುತ್ತೀರಿ ಎಂದು ಕೇಳುವವರಿದ್ದಾರೆ. ಭಗವಾನರ ಮಹಾಪರಿನಿಬ್ಬಾಣದ ನಂತರ ಅವರ ಅಸ್ಥಿಯನ್ನು ಎಂಟು ಪಾಲು ಮಾಡಿ ಸ್ತೂಪ ಕಟ್ಟಿದರು. ನಮ್ಮ ನಾಡಿನಲ್ಲೇ ಭೀಮಾ ತೀರದ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಮಹಾಸ್ತೂಪ ಸಿಕ್ಕಿದೆ, ಅಶೋಕನ ಹೆಸರು ಕೆತ್ತಿದ ಶಿಲ್ಪ ಅಲ್ಲಿದೆ. ನಾಗಪುರದ ದೀಕ್ಷಾಭೂಮಿಯಲ್ಲಿ ಬಾಬಾಸಾಹೇಬರ ಅಸ್ಥಿ ಇದೆ.

ಆ ಎಲುಬಿಗೆ ವರ ಕೊಡುವ ಶಕ್ತಿ ಇಲ್ಲ. ಅದು ಹೊತ್ತ ಭಾರವನ್ನು ನೆನೆದು ನಾವು ತಲೆ ಬಾಗುತ್ತೇವೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ, ಕಾಲು ನೋವು. ಕೋಲಿನ ಆಸರೆ ಬೇಕಿತ್ತು. ಆ ಕಾಲುಗಳ ಮೇಲೆ ನಿಂತು ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದರು. ಎರಡು ತಿಂಗಳೊಳಗೆ, ಡಿಸೆಂಬರ್ 6ರಂದು ಆ ಮೈ ನಿಂತಿತು. ನಮ್ಮ ಬೆನ್ನು ಇವತ್ತು ನೆಟ್ಟಗಿದ್ದರೆ ಆ ನೊಂದ ಕಾಲುಗಳ ಪಾಲೂ ಅದರಲ್ಲಿದೆ.

*ಇಂದಿನ ಅಭ್ಯಾಸ*

1️⃣ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮೊಣಕಾಲು ನೋವಿದ್ದರೆ ಕುರ್ಚಿ ಮೇಲೆ ಕುಳಿತರೂ ಧ್ಯಾನಕ್ಕೆ ಕೊರತೆಯಿಲ್ಲ. ಕಾಲ್ಬೆರಳಿನಿಂದ ಸುರು ಮಾಡಿ ಪಾದ, ಮೊಣಕಾಲು, ಟೊಂಕ, ಬೆನ್ನು, ಕೈ, ತಲೆಬುರುಡೆ ತನಕ ಎಲುಬುಗಳನ್ನು ಮನಸ್ಸಿನಲ್ಲಿ ಗಮನಿಸಿ. ಇದರಲ್ಲಿ ಜಾತಿ ಎಲ್ಲಿದೆ ಎಂದು ಕೇಳಿಕೊಳ್ಳಿ.

2️⃣ ಆಮೇಲೆ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ದುಡಿದು ಸವೆದ ಒಂದು ಮೈಯನ್ನು ನೆನೆಯಿರಿ. ಅವ್ವ, ಅಪ್ಪ, ಅತ್ತೆ, ಹಮಾಲಿ ಕಾಕಾ, ಪೌರಕಾರ್ಮಿಕ ಅಕ್ಕ. ಈ ಎಲುಬಿಗೆ ಭಾರ ಯಾರು ಹೊರಿಸಿದರು ಎಂದು ಕೇಳಿಕೊಳ್ಳಿ.

3️⃣ ಒಂದು ಕೆಲಸ ಮಾಡಿ. ಅವರ ಕೈಯಿಂದ ಒಂದು ಕೊಡ ಇಸಿದುಕೊಳ್ಳಿ. ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಓಣಿಯ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಲು ಪಂಚಾಯಿತಿಗೆ ಅರ್ಜಿ ಕೊಡಿ. ಮಗಳ ತಟ್ಟೆಗೂ ಮಗನಷ್ಟೇ ಹಾಲು, ಮೊಟ್ಟೆ, ಎಳ್ಳು ಹಚ್ಚಿದ ರೊಟ್ಟಿ ಹಾಕಿ.

ಬೇನೆ ಬಿದ್ದ ಭಿಕ್ಖುವನ್ನು ಯಾರೂ ನೋಡದೆ ಬಿಟ್ಟಾಗ ಭಗವಾನರು ಆನಂದನ ಜೊತೆ ತಾವೇ ನೀರು ಹಾಕಿ ಅವನ ಮೈ ತೊಳೆದರು. ಅಶುಚಿ ಎಂದು ಬೋಧಿಸಿದವರೇ ಆ ಮೈಯನ್ನು ಎರಡೂ ಕೈಯಿಂದ ಮುಟ್ಟಿ ಎತ್ತಿದರು. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇನ್ನೊಂದಿಲ್ಲ.

ನಾಳೆ ಕಾಯಾನುಪಸ್ಸನೆಯ ಮುಂದಿನ ಭಾಗ ನೋಡೋಣ. ಓದಿ, ವಿಚಾರ ಮಾಡಿ, ಸರಿ ಎನಿಸಿದರೆ ಮಾತ್ರ ಮುಂದೆ ಕಳಿಸಿ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏
ಜೈ ಭೀಮ್ 💙